ಅಳಿಯನ ಕಾವಲಿಗೆ ಲಂಕೆಗೆ ಹೋದೆ

ಹಾನಗಲ್ಲಿನ ಪಡಸಾಲೆ

ಸವಣೂರಿನ ವೀಳ್ಯದೆಲೆ ತೋಟದವನಿಗೆ ಸಮುದ್ರ ದಾಟುವಂಥ ಕೆಲಸ ಏನಿತ್ತು ಎಂದು ಕೇಳುವವರು ಇಂದಿಗೂ ಇದ್ದಾರೆ. ಸಂತೆಯಲ್ಲಿ ಕೇಳುತ್ತಾರೆ, ಮದುವೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಹಿರೇಕೆರೂರಿನ ಬೀಗರಂತೂ ಸಿಕ್ಕಾಗಲೆಲ್ಲ ಮೊದಲ ಸಲ ಎಂಬಂತೆ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ಸೋತದ್ದರಿಂದ ಬರೆದೇಬಿಡುತ್ತೇನೆ. ನಾನು ಮುಲ್ಕಿ ಪರೀಕ್ಷೆ ಪಾಸಾದವನು, ಅಕ್ಷರಕ್ಕೆ ಹೆದರುವವನಲ್ಲ.

ಕೆಲಸ ಇದ್ದದ್ದು ನನಗಲ್ಲ, ನನ್ನ ಅಕ್ಕ ಗೌರವ್ವನ ಮಗ ಮಲ್ಲೇಶಿಗೆ. ಹಾನಗಲ್ಲಿನಲ್ಲಿ ಅವರದು ಸಣ್ಣ ಗದ್ದೆ, ದೊಡ್ಡ ಹೆಸರು. ಹುಡುಗ ಚಿಕ್ಕಂದಿನಿಂದಲೇ ಸ್ವಲ್ಪ ವಾರೆ. ಓರಗೆಯವರು ಕೆರೆಯಲ್ಲಿ ಈಜುತ್ತಿದ್ದರೆ ಇವನು ಆಡೂರಿಗೆ ನಡೆದುಹೋಗಿ, ಕಲ್ಲಿನ ಮೇಲಿನ ಹಳೆಯ ಅಕ್ಷರಗಳನ್ನು ಇದ್ದಿಲಿನಿಂದ ಅಂಗಿಯ ಮೇಲೆ ಬರೆದುಕೊಂಡು ಬರುತ್ತಿದ್ದ. ಅಕ್ಕ ಅಂಗಿಯನ್ನೂ ಒಗೆದಳು, ಹುಡುಗನನ್ನೂ ಒಗೆದಳು. ಅಕ್ಷರ ಹೋದವು, ಹುಚ್ಚು ಹೋಗಲಿಲ್ಲ.

ಧಾರವಾಡದಲ್ಲಿ ಕಾಲೇಜು ಓದಿದ. ಹಿರೇಕೆರೂರಿನ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಮನೆಯವರೆಲ್ಲ ದೇವರಿಗೆ ಕಾಯಿ ಒಡೆಸುವಷ್ಟರಲ್ಲಿ ಅದನ್ನು ಬಿಟ್ಟು ಪುಣೆಗೆ ಹೋಗಿ ಪಾಲಿ ಭಾಷೆಯಲ್ಲಿ ಎಂ.ಎ. ಮಾಡಿದ. ಪಾಲಿ ಎಂದರೆ ಏನೆಂದು ಕೇಳಿದ್ದಕ್ಕೆ, ಬುದ್ಧನ ಮಾತುಗಳು ಉಳಿದಿರುವ ಭಾಷೆ ಎಂದ. ಬುದ್ಧನ ತತ್ತ್ವಶಾಸ್ತ್ರವೇ ತನ್ನ ವಿಷಯ ಎಂದ. ಜಗತ್ತಿನ ಪ್ರತಿಯೊಂದು ವಸ್ತುವೂ ಕ್ಷಣಕ್ಷಣಕ್ಕೂ ಸತ್ತು ಹುಟ್ಟುತ್ತದೆ ಎಂಬುದರ ಮೇಲೆ ದೊಡ್ಡ ಗ್ರಂಥ ಬರೆಯುತ್ತಾನಂತೆ. ಶಿಗ್ಗಾವಿಯಲ್ಲಿ ನಮ್ಮ ದೂರದ ಸಂಬಂಧಿ ವಕೀಲರೊಬ್ಬರಿದ್ದರು. ಅವರು ನನ್ನನ್ನು ನಡುಬೀದಿಯಲ್ಲಿ ತರುಬಿ ಕೇಳಿದರು:

"ರುದ್ರಪ್ಪನವರ, ವಕೀಲಿ ಓದಿದಂವಗ ಕೋರ್ಟ್ ಐತಿ. ಡಾಕ್ಟರಿ ಓದಿದಂವಗ ದವಾಖಾನಿ ಐತಿ. ಬುದ್ಧನ್ನ ಓದಿದಂವ ಅಂಗಡಿ ಎಲ್ಲಿ ಇಡ್ತಾನ್ರಿ?"

ಅದಕ್ಕೆ ಉತ್ತರ ದೇವರ ಹತ್ತಿರ ಇತ್ತು. ಧಾರವಾಡದ ಒಂದು ಕಾಲೇಜಿನವರು ಪಾಲಿ ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. ಮಲ್ಲೇಶಿಯನ್ನು ಕರೆದು ಮಾತಾಡಿಸಿದರು, ಮೆಚ್ಚಿದರು, ಆಮೇಲೆ ಒಂದು ಮೊಳೆ ಹೊಡೆದರು. ಪುಸ್ತಕ ನೋಡಿ ಕಲಿತ ಪಾಲಿ ಸಾಲದು, ಲಂಕೆಗೆ ಹೋಗಿ ಅಲ್ಲಿಯ ಭಿಕ್ಷುಗಳ ಹತ್ತಿರ ಒಂದು ವರ್ಷ ಗುರುಮುಖದಿಂದ ಓದಿ ಬಾ, ಬಂದರೆ ಕುರ್ಚಿ ನಿನ್ನದು ಎಂದರು.

ಸುದ್ದಿ ಕೇಳಿ ಅಕ್ಕ ನನ್ನನ್ನು ಹಾನಗಲ್ಲಿಗೆ ಕರೆಸಿದಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ರುದ್ರ್ಯಾ, ಬುದ್ಧ ಅಂದ್ರ ಹೆಂಡ್ತಿ ಕೂಸು ಬಿಟ್ಟು ಎದ್ದು ಹೋದಂವ ಹೌದಲ್ಲೋ?"

"ಹೌದಕ್ಕ."

"ಅಂಥಾವನ ಶಿಷ್ಯಾರ ಕೈಯಾಗ ನನ್ನ ಮಗನ್ನ ಒಂದು ವರ್ಷ ಬಿಡಬೇಕಂತ. ತಲಿ ಬೋಳಿಸಿ ಹಳದಿ ಅರಬಿ ಸುತ್ತಿ ಕುಂಡ್ರಿಸಿದ್ರ ಏನು ಮಾಡ್ಲಿ? ನೀ ಸಂಗಾಟ ಹೋಗು. ಜಾಗಾ ನೋಡು, ಜನಾ ನೋಡು. ಇಂವನ ತಲಿ ಮ್ಯಾಲ ಒಂದು ಕಣ್ಣು ಇಡು."

ನನಗೂ ಈ ತಲೆಯ ಚಿಂತೆ ಇತ್ತು. ನನ್ನ ಮಗಳು ನೀಲವ್ವನಿಗೂ ಮಲ್ಲೇಶಿಗೂ ಮದುವೆ ಎಂದು ಅದೇ ಪಡಸಾಲೆಯಲ್ಲಿ ಹಿಂದಿನ ವರ್ಷವೇ ಎಲೆ-ಅಡಿಕೆ ಹಿಡಿದಿದ್ದೆವು. ಎಲೆ ನಮ್ಮ ತೋಟದ್ದೇ. ಅವಳ ವಾರಿಗೆಯ ಹುಡುಗಿಯರಿಗೆಲ್ಲ ಮಕ್ಕಳಾಗಿದ್ದವು. ಇವಳೊಬ್ಬಳು ಮಲ್ಲೇಶಿಯ ಓದು ಮುಗಿಯಲಿ ಎಂದು ಕಾಯುತ್ತಿದ್ದಳು. ಹುಡುಗ ಭಿಕ್ಷುವಾದರೆ ಅಕ್ಕನಿಗೆ ಮಗ ಹೋಗುತ್ತಾನೆ, ಕಾಲೇಜಿಗೆ ಮಾಸ್ತರ ಹೋಗುತ್ತಾನೆ, ನನಗಂತೂ ಅಕ್ಕನ ಮಗ, ಮಗಳ ಗಂಡ, ಇಬ್ಬರೂ ಒಂದೇ ಏಟಿಗೆ ಹೋಗುತ್ತಾರೆ. ಕಾವಲಿಗೆ ಹೊರಟೆ. ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು ಇದು.

ಯಲವಿಗಿ ಸ್ಟೇಶನ್ನು

ಸವಣೂರಿನಿಂದ ಯಲವಿಗಿ ಸ್ಟೇಶನ್ನಿಗೆ ಚಕ್ಕಡಿಯಲ್ಲಿ ಬಂದೆವು. ಮಲ್ಲೇಶಿಯ ಸಾಮಾನೆಂದರೆ ಒಂದು ಹಾಸಿಗೆ ಸುರುಳಿ ಮತ್ತು ಒಂದು ಟ್ರಂಕು ತುಂಬ ಪುಸ್ತಕ. ನನ್ನ ಸಾಮಾನು ಸ್ವಲ್ಪ ಜಾಸ್ತಿ. ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಸವಣೂರಿನ ಖಾರದ ಡಬ್ಬಿ, ಒಂದು ಛತ್ರಿ. ಎಲ್ಲಕ್ಕಿಂತ ಮುಖ್ಯವಾಗಿ ಬಾಳೆಯ ಪಟ್ಟೆಯಲ್ಲಿ ಸುತ್ತಿ ಒದ್ದೆ ಬಟ್ಟೆ ಹೊದಿಸಿದ ಎಲೆಯ ಬುಟ್ಟಿ.

ನೀಲವ್ವ ಆ ಬುಟ್ಟಿಯನ್ನು ತಾನೇ ಕಟ್ಟಿದ್ದಳು. ಎಲೆ ಆರಿಸುವುದರಲ್ಲಿ ನನಗಿಂತ ಅವಳ ಕೈ ವಾಸಿ. ಹೊರಡುವಾಗ ಮಲ್ಲೇಶಿಯ ಕಡೆ ನೋಡದೆ ನನಗೇ ಹೇಳಿದಳು: "ಯಪ್ಪಾ, ದಿನಾ ಎರಡು ಸಲ ನೀರು ಚಿಮುಕಿಸು. ಮರೆತ್ರ ಕೊಳೀತಾವು." ಮಲ್ಲೇಶಿಯೂ ಅವಳ ಕಡೆ ನೋಡದೆ ಎತ್ತಿನ ಕೋಡು ನೋಡುತ್ತ ನಿಂತಿದ್ದ. ಎಂ.ಎ. ಮಾಡಿದವರು ಇಷ್ಟು ನಾಚುತ್ತಾರೆಂದು ನನಗೆ ಗೊತ್ತಿರಲಿಲ್ಲ.

ರೈಲಿನಲ್ಲಿ ಮದ್ರಾಸಿನವರೆಗೂ ಅವನು ಓದಿದ, ನಾನು ನೀರು ಚಿಮುಕಿಸಿದೆ. ಪಕ್ಕದಲ್ಲಿದ್ದ ತೆಲುಗು ದಂಪತಿ ನಮ್ಮ ಬುಟ್ಟಿಯಲ್ಲಿ ಮೀನಿದೆ ಎಂದುಕೊಂಡು ಜಾಗ ಬದಲಿಸಿದರು. ನಮಗೆ ಕಾಲು ಚಾಚಲು ಅನುಕೂಲವಾಯಿತು. ಇಂಥ ತಪ್ಪು ತಿಳುವಳಿಕೆಯಿಂದ ಪ್ರವಾಸಿಗೆ ಲಾಭವೂ ಉಂಟು.

ಧನುಷ್ಕೋಟಿ

ಭೂಮಿ ಅಲ್ಲಿಗೆ ಮುಗಿಯುತ್ತದೆ. ಎರಡೂ ಕಡೆ ಸಮುದ್ರ, ನಡುವೆ ಮರಳು, ಮರಳಿನ ತುದಿಗೆ ರೈಲು, ರೈಲಿನ ಮುಂದೆ ಹಡಗು. ಹಡಗು ಹತ್ತುವ ಮೊದಲು ಸರಕಾರದವರು ಗಂಟು ಬಿಚ್ಚಿ ನೋಡುತ್ತಾರೆ. ಖಾಕಿ ಚಡ್ಡಿಯ ಅಧಿಕಾರಿಯೊಬ್ಬ ನನ್ನ ಬುಟ್ಟಿಯೊಳಗೆ ಕೈ ಹಾಕಿ ಒಂದು ಎಲೆ ಎತ್ತಿ ಮಲ್ಲೇಶಿಗೆ ಇಂಗ್ಲಿಷಿನಲ್ಲಿ ಏನೋ ಗದರಿದ.

"ಏನಂತಾನ?"

"ಲಂಕಾದಾಗ ಎಲಿ ಸಿಗಂಗಿಲ್ಲೇನು, ಇಲ್ಲಿಂದ ಯಾಕ ಒಯ್ಯಾಕತ್ತೀರಿ ಅಂತಾನ್ರಿ ಮಾಮಾ."

"ಸವಣೂರು ಎಲಿ ಸಿಗತೈತೇನು ಅಂತ ಕೇಳು."

ಮಲ್ಲೇಶಿ ಅದನ್ನು ಕೇಳಲಿಲ್ಲ. ಆಗ ನಾನೇ ಒಂದು ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಆ ಅಧಿಕಾರಿಯ ಕೈಗೆ ಕೊಟ್ಟೆ. ಅಗಿದ. ನಿಂತ. ಮತ್ತೆ ಅಗಿದ. ಆಮೇಲೆ ಬುಟ್ಟಿಯ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಗುರುತು ಹಾಕಿ ಕಳಿಸಿದ. ಎಲೆಗೆ ಭಾಷೆ ಬೇಕಿಲ್ಲ ಎಂದು ಅಳಿಯನ ಮುಂದೆ ಜಂಬ ಕೊಚ್ಚಿದೆ. ಎಲೆಗೂ ಭಾಷೆ ಇದೆ, ಊರಿಗೊಂದು ಭಾಷೆ ಇದೆ ಎಂಬುದು ಆಮೇಲೆ ಗೊತ್ತಾಯಿತು.

ಹಡಗಿನ ವಿಷಯ ಹೆಚ್ಚು ಬರೆಯುವುದಿಲ್ಲ. ಅದು ಅಲುಗಿತು. ಯಲವಿಗಿಯಿಂದ ತಿಂದ ರೊಟ್ಟಿಯ ಲೆಕ್ಕವನ್ನೆಲ್ಲ ಸಮುದ್ರ ನನ್ನಿಂದ ವಸೂಲು ಮಾಡಿಕೊಂಡಿತು.

ಮನ್ನಾರು

ಆಚೆ ದಡದಲ್ಲಿ ಇಳಿದು ಮತ್ತೆ ರೈಲು ಹತ್ತಿದೆವು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಮನ್ನಾರು ಎಂಬ ಊರಿನ ಹತ್ತಿರ ಕಿಟಕಿಯಿಂದ ಹೊರಗೆ ನೋಡಿದವನು ಎದ್ದು ನಿಂತುಬಿಟ್ಟೆ.

ನಮ್ಮ ಸವಣೂರಿನ ಮಠದ ಹಿತ್ತಲಲ್ಲಿ ದೊಡ್ಡ ಹುಣಸೆ ಎಂದು ಕರೆಯುವ ಮೂರು ಮರಗಳಿವೆ. ಆನೆಯ ಮೈಯಂಥ ಬೊಡ್ಡೆ, ಬೇರನ್ನು ಮೇಲೆ ಮಾಡಿ ನೆಟ್ಟಂಥ ಕೊಂಬೆ. ಜಗತ್ತಿನಲ್ಲಿ ಇಂಥವು ನಮ್ಮಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ ಎಂದು ನಾನು ಎಷ್ಟೋ ಜನರಿಗೆ ಆಣೆ ಮಾಡಿ ಹೇಳಿದ್ದೆ. ಆ ಮರವೇ ಇಲ್ಲಿ ಕುರುಚಲು ಗಿಡಗಳ ನಡುವೆ ಒಂಟಿಯಾಗಿ ನಿಂತಿತ್ತು.

"ಮಲ್ಲೇಶಿ, ನಮ್ಮ ಮರ ಇಲ್ಲಿಗೆ ಹೆಂಗ ಬಂತೋ?"

"ನಮ್ಮದೂ ಅಲ್ಲ, ಇವರದೂ ಅಲ್ಲ ಮಾಮಾ. ಆಫ್ರಿಕಾದ್ದು. ಹಿಂದ ಅರಬರು ಬೀಜ ತಂದಿರಬೇಕು ಅಂತಾರ. ಯಾವುದೂ ಯಾರದೂ ಅಲ್ಲ ಬಿಡ್ರಿ."

ಪುಣೆಯಲ್ಲಿ ಓದಿದ್ದು ಹೀಗೆ ಸಮಯ ಸಿಕ್ಕಾಗಲೆಲ್ಲ ಹೊರಗೆ ಬರುತ್ತಿತ್ತು. ನನಗೆ ಬೇಜಾರಾಯಿತು. ಮರವನ್ನು ಕಳೆದುಕೊಂಡ ಬೇಜಾರೂ ಇತ್ತು, ಹುಡುಗ ಇಷ್ಟು ಸಲೀಸಾಗಿ ಬಿಟ್ಟುಬಿಡಿ ಎಂದನಲ್ಲ ಎಂಬ ಹೆದರಿಕೆಯೂ ಇತ್ತು.

ಭಿಕ್ಷುಗಳ ಪಾಠಶಾಲೆ

ಕೊಲಂಬೊದಿಂದ ಸ್ವಲ್ಪ ದೂರದಲ್ಲಿ ತೆಂಗಿನ ತೋಪಿನೊಳಗೆ ಆ ಪಾಠಶಾಲೆ. ಪಿರಿವೇಣ ಎನ್ನುತ್ತಾರೆ. ನಮ್ಮ ಮಠಗಳ ಹಾಗೆಯೇ ಓದು, ಊಟ, ಪೂಜೆ ಎಲ್ಲ ಒಂದೇ ಆವರಣದಲ್ಲಿ. ಹಿರಿಯ ಗುರುಗಳು ಎತ್ತರದ ಆಳು, ಕಿವಿ ದೊಡ್ಡವು, ಕಣ್ಣಿನಲ್ಲಿ ಯಾವಾಗಲೂ ಈಗಷ್ಟೇ ನಗೆ ಮುಗಿಸಿದಂಥ ಕಳೆ. ನಾನು ಬಾಗಿ "ಶರಣ್ರೀ" ಎಂದೆ. ಅವರು ಸುಮ್ಮನೆ ನೋಡಿದರು. ಇನ್ನೊಮ್ಮೆ ಗಟ್ಟಿಯಾಗಿ ಎಂದೆ. ಆಗಲೂ ಕೈ ಜೋಡಿಸಲಿಲ್ಲ. ನಮ್ಮಲ್ಲಿ ಜಗದ್ಗುರುಗಳಾದರೂ ಶರಣು ಎಂದವನಿಗೆ ಶರಣು ಎನ್ನುತ್ತಾರೆ. ಇವರು ಭಿಕ್ಷು ಅಲ್ಲದವರಿಗೆ ತಿರುಗಿ ಕೈ ಮುಗಿಯುವುದಿಲ್ಲವಂತೆ, ಅದು ಅವರ ನೇಮ. ನೇಮವೆಂದು ಗೊತ್ತಾದ ಮೇಲೂ ಎರಡು ದಿನ ನನ್ನ ಸಿಟ್ಟು ಇಳಿಯಲಿಲ್ಲ.

ಊಟದ್ದು ಇನ್ನೊಂದು ಕಥೆ. ಮೊದಲ ದಿನ ಅನ್ನದ ಜೊತೆ ಕೆಂಪು ಕಾಯಿಚಟ್ನಿ ಬಡಿಸಿದರು. ಬಣ್ಣ ನೋಡಿ ಬಾಯಲ್ಲಿ ನೀರೂರಿತು. ತುತ್ತು ಬಾಯಿಯ ಹತ್ತಿರ ಬಂದಾಗ ಮಲ್ಲೇಶಿ ನನ್ನ ಮುಂಗೈ ಹಿಡಿದ. ಒಣಗಿದ ಮೀನನ್ನು ಕುಟ್ಟಿ ಅದರಲ್ಲಿ ಹಾಕಿರುತ್ತಾರಂತೆ! ಅಹಿಂಸೆಯ ಮನೆಯಲ್ಲಿ ಇದೇನು ಎಂದು ಕೇಳಿದೆ. ಭಿಕ್ಷುವಾದವನು ಯಾರು ಏನು ಬಡಿಸಿದರೂ ಉಣ್ಣಬೇಕು, ತನಗಾಗಿ ಕೊಂದದ್ದಲ್ಲದಿದ್ದರೆ ಆಯಿತು ಎಂದು ಏನೇನೋ ಸೂತ್ರ ಹೇಳಿದ. ನಾನು ಸೂತ್ರವನ್ನು ಅವನಿಗೇ ಬಿಟ್ಟು, ಎಮ್ಮೆಯ ಗಟ್ಟಿ ಮೊಸರಿಗೆ ಬಗನಿ ಮರದ ಜೋನಿಬೆಲ್ಲ ಹಾಕಿಕೊಂಡು ತಿಂದೆ. ಆ ಮೊಸರಿಗಾಗಿ ಲಂಕೆಯ ಎಲ್ಲ ಅಪರಾಧಗಳನ್ನು ಕ್ಷಮಿಸಬಹುದು. ಭಿಕ್ಷುಗಳು ಮಾತ್ರ ಮಧ್ಯಾಹ್ನದ ಮೇಲೆ ಏನೂ ತಿನ್ನುವುದಿಲ್ಲ. ಸಂಜೆ ನಾನು ಕಟಕ ರೊಟ್ಟಿ ಮುರಿಯುವ ಸದ್ದಿಗೆ ಸಾಲು ಸಾಲು ಬೋಳುತಲೆಗಳು ತಿರುಗಿ ನೋಡುತ್ತಿದ್ದವು. ನನಗೇ ಸಂಕೋಚವಾಗಿ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿನ್ನತೊಡಗಿದೆ.

ನಮ್ಮ ಪಂಡಿತರ ಗತಿಯೂ ಅಷ್ಟಕ್ಕಷ್ಟೇ. ಮೊದಲ ಪಾಠದ ದಿನ ಮಲ್ಲೇಶಿ ಎದ್ದು ನಿಂತು ಪಾಲಿಯಲ್ಲಿ ಮಾತಾಡಿದ. ಸಾಲಿನಲ್ಲಿ ಕೂತ ಮರಿಭಿಕ್ಷುಗಳು ಹೊದ್ದ ಬಟ್ಟೆಯ ಅಂಚಿಗೆ ಬಾಯಿ ಒತ್ತಿ ನಕ್ಕರು. ಪುಸ್ತಕದ ಪಾಲಿಯನ್ನು ಇವನು ನಮ್ಮ ಸಂಸ್ಕೃತದ ಶಾಸ್ತ್ರಿಗಳ ರಾಗದಲ್ಲಿ ಹೇಳಿದ್ದ. ಗುರುಗಳು ಅವನನ್ನು ಆ ಮರಿಗಳ ಜೊತೆಯಲ್ಲೇ ಕೂರಿಸಿ ಮೊದಲನೆಯ ಪಾಠದಿಂದ ಬಾಯಿಪಾಠ ಮಾಡಿಸಿದರು. ಪುಣೆಯ ಎಂ.ಎ. ಮಂಡಿ ಮಡಚಿ ಕೂತು ತೂಗಾಡುತ್ತ ಬಾಯಿಪಾಠ ಮಾಡುವುದನ್ನು ಶಿಗ್ಗಾವಿಯ ವಕೀಲರು ನೋಡಬೇಕಿತ್ತು.

ನಾನಂದುಕೊಂಡಿದ್ದೆ, ಹುಡುಗನಿಗೆ ಅವಮಾನವಾಗುತ್ತದೆ, ನಾಲ್ಕು ದಿನಕ್ಕೆ ಮನೆಯ ನೆನಪಾಗುತ್ತದೆ ಎಂದು. ಅವನ ಮುಖ ನೋಡಿದರೆ ಬೇರೆಯೇ ಇತ್ತು. ಆಡೂರಿನಿಂದ ಇದ್ದಿಲು ಅಂಗಿಯಲ್ಲಿ ಬರುತ್ತಿದ್ದಾಗಿನ ಮುಖ ಅದು.

ಹುಣ್ಣಿಮೆ

ಹುಣ್ಣಿಮೆಯ ಬೆಳಿಗ್ಗೆ ಎದ್ದು ನೋಡಿದರೆ ಆವರಣದ ತುಂಬ ಬಿಳಿ ಸೀರೆಯ ಹೆಂಗಸರು. ಮುದುಕಿಯರು, ನಡುವಯಸ್ಸಿನವರು, ಹರೆಯದವರು, ಎಲ್ಲರೂ ಬಿಳಿ. ನಮ್ಮ ಕಡೆ ಬಿಳಿ ಸೀರೆ ಯಾರು ಉಡುತ್ತಾರೆಂದು ನಿಮಗೆ ಗೊತ್ತು. ಊರಿಗೆ ಊರೇ ಹೀಗಾಗಲು ಏನು ಅನಾಹುತವಾಯಿತೋ ಎಂದು ನಾನು ರುಮಾಲು ತೆಗೆದು ತಲೆ ಬಗ್ಗಿಸಿ ನಿಂತೆ. ಅವರ ಗಂಡಂದಿರು ಹಿಂದಿನಿಂದ ನಗುತ್ತ ಬಂದರು. ಹುಣ್ಣಿಮೆಯ ವ್ರತಕ್ಕೆ ಅಲ್ಲಿ ಎಲ್ಲರೂ ಬಿಳಿ ಉಡುತ್ತಾರಂತೆ.

ಆ ಜನ ಒಬ್ಬೊಬ್ಬರಾಗಿ ಗುರುಗಳ ಮುಂದೆ ಹೋಗಿ, ಒಂದು ಹಿಡಿ ವೀಳ್ಯದೆಲೆಯನ್ನು ಎರಡೂ ಕೈಯಿಂದ ಕೊಟ್ಟು ಅಡ್ಡಬೀಳುತ್ತಿದ್ದರು. ಅಡಿಕೆ ಇಲ್ಲ, ಸುಣ್ಣ ಇಲ್ಲ, ಬರೀ ಎಲೆ. ಅದೂ ಎಂಥ ಎಲೆ! ದಪ್ಪ, ಒರಟು, ತುದಿ ಹರಿದದ್ದು. ತೋಟದವನ ಕಣ್ಣಿಗೆ ಅದು ಸಹನೆಯಾಗುವ ನೋಟವಲ್ಲ. ನನ್ನ ಬುಟ್ಟಿಯಲ್ಲಿ ನೀಲವ್ವ ಆರಿಸಿಟ್ಟ ಎಲೆ ಇನ್ನೂ ಒಂದು ಕಟ್ಟು ಗರಿಗರಿಯಾಗಿ ಉಳಿದಿತ್ತು. ನಿಜವಾದ ಎಲೆ ಹೇಗಿರುತ್ತದೆಂದು ಇವರಿಗೆ ತೋರಿಸಿಯೇ ಊರಿಗೆ ಹೋಗಬೇಕೆಂದು ನಿಶ್ಚಯ ಮಾಡಿದೆ.

ಮಲ್ಲೇಶಿ ಆಚೆ ಪಾಠದಲ್ಲಿ ಕೂತಿದ್ದ. ನಾನೊಬ್ಬನೇ ಹೋಗಿ ಎಲೆಯನ್ನು ಎರಡೂ ಕೈಯಿಂದ ಗುರುಗಳಿಗೆ ಕೊಟ್ಟೆ. ಅವರು ಎಲೆಯನ್ನು ನೋಡಿ ಹುಬ್ಬೇರಿಸಿದರು. ನನಗೆ ಉಮೇದು ಬಂತು. ನಮ್ಮಲ್ಲಿ ಹುಡುಗನನ್ನು ಶಾಲೆಗೆ ಹಾಕುವಾಗ ಮಾಸ್ತರರಿಗೆ ಒಂದು ಮಾತು ಹೇಳುವ ರೂಢಿ ಇದೆಯಲ್ಲ, ಅದನ್ನು ಹೇಳಿದೆ:

"ನಮ್ಮ ಹುಡುಗನ್ನ ನಿಮ್ಮ ಉಡ್ಯಾಗ ಹಾಕೇನ್ರಿ. ಅಂವನ ತಲಿ ಮ್ಯಾಲ ನಿಮ್ಮ ಕೈ ಇರ್ಲಿ."

ಅವರಿಗೆ ಕನ್ನಡ ಎಲ್ಲಿಂದ ಬರಬೇಕು? ಕೈಸನ್ನೆ ಮಾಡಿದೆ. ದೂರದಲ್ಲಿದ್ದ ಮಲ್ಲೇಶಿಯನ್ನು ತೋರಿಸಿದೆ, ಗುರುಗಳ ಮಡಿಲು ತೋರಿಸಿದೆ, ಆಮೇಲೆ ಆಶೀರ್ವಾದದ ಅರ್ಥ ಬರಲೆಂದು ನನ್ನ ತಲೆಯ ಮೇಲೆ ಹಣೆಯಿಂದ ಹಿಂದಲೆಯವರೆಗೆ ಕೈ ಸವರಿಕೊಂಡು ತೋರಿಸಿದೆ. ಸರಿಯಾಗಿ ತಿಳಿಯಲೆಂದು ಇನ್ನೊಮ್ಮೆ ಸವರಿದೆ.

ಗುರುಗಳು ಒಮ್ಮೆ ನನ್ನನ್ನು, ಒಮ್ಮೆ ಮಲ್ಲೇಶಿಯನ್ನು ನೋಡಿದರು. ಆಮೇಲೆ ನಿಧಾನವಾಗಿ ತಲೆ ಆಡಿಸಿದರು. ಸುತ್ತ ಕೂತವರೆಲ್ಲ ಒಟ್ಟಿಗೆ "ಸಾಧು, ಸಾಧು" ಎಂದರು. ಒಬ್ಬಳು ಮುದುಕಿ ಕಣ್ಣು ಒರೆಸಿಕೊಂಡು ನನಗೆ ಕೈ ಮುಗಿದಳು.

ಅಂದಿನಿಂದ ನನ್ನ ಮರ್ಯಾದೆಯೇ ಬೇರೆ. ಹೋದಲ್ಲಿ ಚಾಪೆ ಹಾಸುತ್ತಾರೆ, ಮೊಸರಿನ ಗಡಿಗೆ ದೊಡ್ಡದಾಯಿತು, ಗುರುತಿಲ್ಲದ ಮನೆಗಳಿಂದ ಬಾಳೆಗೊನೆ ಬಂತು. ಒಬ್ಬರು ಮಡಚಿದ ಬಿಳಿ ಬಟ್ಟೆಯನ್ನು ತಂದು ನನ್ನ ಕೈಯಲ್ಲಿ ಮುಟ್ಟಿಸಿಕೊಂಡು ಹೋದರು. ಸವಣೂರಿನ ಎಲೆಯ ಪ್ರತಾಪ ಎಂದುಕೊಂಡು ಬಾಳೆಹಣ್ಣು ಸುಲಿದು ತಿಂದೆ.

ಮೂರು ಸಲ

ನಾಲ್ಕಾರು ದಿನದ ಮೇಲೆ ಒಂದು ಮಧ್ಯಾಹ್ನ ಮಲ್ಲೇಶಿ ಬಂದು ನನ್ನ ಎದುರು ಕೂತ. ಕಣ್ಣು ಹೊಳೆಯುತ್ತಿದ್ದವು.

"ಮಾಮಾ, ನೀವು ಖರೇನ ಒಪ್ಪಿದ್ರೇನು?"

"ಏನು ಒಪ್ಪಿದೆ?"

"ನನ್ನ ಭಿಕ್ಷು ಮಾಡಾಕ."

ಕೈಯಲ್ಲಿದ್ದ ಬಾಳೆಹಣ್ಣು ಜಾರಿ ಬಿತ್ತು. ಅವನು ಹೇಳಿದ ಮೇಲೆ ಒಂದೊಂದಾಗಿ ತಿಳಿಯಿತು. ಅಲ್ಲಿ ದೊಡ್ಡ ಮಾತು ಆಡುವ ಮೊದಲು ಎಲೆ ಕೊಡುತ್ತಾರೆ. ಮನೆಯ ಹುಡುಗನನ್ನು ಭಿಕ್ಷುಗಳಿಗೆ ಒಪ್ಪಿಸುವ ಹಿರಿಯರೂ ಹಾಗೆಯೇ ಎಲೆ ಕೊಟ್ಟು ಹುಡುಗನನ್ನು ತೋರಿಸುತ್ತಾರೆ. ನಾನು ಅದರ ಮೇಲೆ ತಲೆ ಬೇರೆ ಸವರಿದ್ದೆ. ಕ್ಷೌರದ ದಿನ ಗೊತ್ತಾಗಿತ್ತು, ಮರುದಿನ ಬೆಳಿಗ್ಗೆ. ಆ ಬಿಳಿ ಬಟ್ಟೆ ಬೋಳಿಸಿದ ಕೂದಲು ಹಿಡಿಯಲಿಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು!

"ಅಯ್ಯೋ, ನಾ ಆಶೀರ್ವಾದ ಮಾಡ್ರಿ ಅಂದೆನೋ ಮಾರಾಯಾ! ಈಗ ಹೋಗಿ ಹೇಳು, ನಮ್ಮ ಮಾಮಾಗ ತಲಿ ಇಲ್ಲ ಅಂತ ಹೇಳು."

ಮಲ್ಲೇಶಿ ನಗುತ್ತಾನೆಂದು ತಿಳಿದಿದ್ದೆ. ಅವನು ನಗಲಿಲ್ಲ.

"ನೀವು ತಪ್ಪಿ ಕೊಟ್ಟಿರಬೇಕು ಅಂತ ನನಗೂ ಅನಿಸಿತ್ತು. ಆದ್ರ ಮಾಮಾ, ಸುದ್ದಿ ಕೇಳಿದಾಗ ನನಗ ಸಂಕಟ ಆಗ್ಲಿಲ್ಲ, ಹಗುರ ಆತು. ಅದನ್ನ ಯಾರಿಗೆ ಹೇಳ್ಲಿ?"

ಆಗ ನನಗೆ ನಿಜವಾದ ಹೆದರಿಕೆ ಹತ್ತಿತು. ಅಕ್ಕನ ಮುಖ, ಯಲವಿಗಿಗೆ ಹೊರಟಾಗ ಬುಟ್ಟಿ ಕಟ್ಟುತ್ತಿದ್ದ ನೀಲವ್ವನ ಕೈ, ಎರಡೂ ಕಣ್ಣ ಮುಂದೆ ಬಂದು ನಿಂತವು.

ಮರುದಿನ ಹೊತ್ತೇರುವ ಮುಂಚೆ ಅವನನ್ನು ಎಳೆದುಕೊಂಡು ಗುರುಗಳ ಹತ್ತಿರ ಹೋದೆ. ಚಾಪೆಯ ಮೇಲೆ ಬಟ್ಟೆ, ಪಕ್ಕದಲ್ಲಿ ನೀರಿನ ಬಟ್ಟಲು, ಬಟ್ಟಲಿನ ಪಕ್ಕ ಕ್ಷೌರದ ಕತ್ತಿ. ನಾನು ಗುರುಗಳ ಕಾಲಿಗೆ ಬಿದ್ದು, ತಪ್ಪಾಯಿತು, ಹುಡುಗನನ್ನು ಕೊಟ್ಟಿಲ್ಲ, ವಾಪಸು ಕೊಡಿ ಎಂದು ಕನ್ನಡದಲ್ಲಿಯೇ ಗೋಗರೆದೆ. ಮಲ್ಲೇಶಿ ಅದನ್ನು ಗುರುಗಳಿಗೂ ಬರುತ್ತಿದ್ದ ಸಂಸ್ಕೃತದಲ್ಲಿ ಹೇಳಿದ. ತನ್ನದೇ ತಲೆಯ ವ್ಯವಹಾರವನ್ನು ತಾನೇ ತರ್ಜುಮೆ ಮಾಡುವ ಪಾಳಿ ಬೇರೆ ಯಾವ ಪಂಡಿತನಿಗೂ ಬರದಿರಲಿ.

ಗುರುಗಳು ಕೇಳಿ ಹೊಟ್ಟೆ ಅಲುಗುವಂತೆ ನಕ್ಕರು. ಆಮೇಲೆ ಹೇಳಿದ್ದನ್ನು ಮಲ್ಲೇಶಿ ನನಗೆ ಹೇಳಿದ:

"ಎಲಿ ನಿಮ್ಮದು, ಕೊಟ್ಟ್ರಿ, ನಾ ತಗೊಂಡೆ. ಅದು ತಿರುಗಿ ಬರಂಗಿಲ್ಲ. ಹುಡುಗ ನಿಮ್ಮಂವ ಅಲ್ಲ. ನಿಮ್ಮದಲ್ಲದ್ದನ್ನ ಕೊಡೂದು ಹೆಂಗ, ವಾಪಸ್ ಬೇಡೂದು ಹೆಂಗ? ಅಂತ ಕೇಳಾಕತ್ತಾರ್ರಿ."

"ನನ್ನಂವ ಅಲ್ಲಂದ್ರ ಮತ್ತ ಯಾರಾಂವ ಅಂತ ಕೇಳು!"

ಮಲ್ಲೇಶಿ ಕೇಳಿದ. ಉತ್ತರ ಬಂತು: "ಅದನ್ನ ಕಲಿಸಾಕನ ಇಲ್ಲಿ ಒಂದು ವರ್ಷದ ಪಾಠ ಐತಂತ."

ಆಮೇಲೆ ಗುರುಗಳು ನನ್ನನ್ನು ಬಿಟ್ಟು ಅವನ ಕಡೆ ತಿರುಗಿದರು. ಹಿರಿಯರು ಕೊಟ್ಟರೂ ಕೊಡದಿದ್ದರೂ ದೀಕ್ಷೆ ಬೇಡಬೇಕಾದವನು ನೀನೇ, ಅದೂ ಮೂರು ಸಲ. ಬೇಕಾಗಿದ್ದರೆ ಬೇಡು, ಹಿರಿಯರ ಒಪ್ಪಿಗೆಯ ಮಾತು ಆಮೇಲೆ ನೋಡೋಣ ಎಂದರು.

ಮಲ್ಲೇಶಿ ಮಂಡಿಯೂರಿ ಕೈ ಜೋಡಿಸಿದ. ನಾನು ಬಾಯಿ ತೆರೆದೆ, ಗುರುಗಳು ಒಂದು ಬೆರಳು ಎತ್ತಿದರು, ಮುಚ್ಚಿದೆ. ಅವನು ಪಾಲಿಯಲ್ಲಿ ಒಂದು ಸಲ ಬೇಡಿದ. ದನಿ ಸ್ಪಷ್ಟವಾಗಿತ್ತು, ಮರಿಗಳ ಜೊತೆ ಕಲಿತ ರಾಗವೂ ಸರಿಯಾಗಿತ್ತು. ಎರಡನೆಯ ಸಲ ಬೇಡಿದ. ದನಿ ಸ್ವಲ್ಪ ಸಣ್ಣದಾಯಿತು. ನನಗೆ ಪಾಲಿ ಬರುವುದಿಲ್ಲ, ಮೂರರವರೆಗೆ ಎಣಿಸಲು ಬರುತ್ತದೆ. ಕಣ್ಣು ಮುಚ್ಚಿಕೊಂಡು ಕೂತೆ.

ಮೂರನೆಯದು ಬರಲಿಲ್ಲ. ತೆಂಗಿನ ಗರಿಯಲ್ಲಿ ಕಾಗೆ ಕೂಗಿತು. ಕಣ್ಣು ತೆರೆದು ನೋಡಿದರೆ ಮಲ್ಲೇಶಿ ಜೋಡಿಸಿದ ಕೈಯನ್ನು ತೊಡೆಯ ಮೇಲೆ ಇಳಿಸಿ ಕೂತಿದ್ದ. ಕೆನ್ನೆ ಒದ್ದೆಯಾಗಿತ್ತು. ಪಾಠದ ಗಂಟೆಯಾಯಿತು, ಹೋಗು ಎಂದಷ್ಟೇ ಗುರುಗಳು ಹೇಳಿದರು. ಮರಿಭಿಕ್ಷು ಒಬ್ಬ ಬಂದು ಕತ್ತಿ, ಬಟ್ಟಲು ಎತ್ತಿಕೊಂಡು ಹೋದ.

ಸಂಜೆ ತೋಪಿನಲ್ಲಿ ಅಡ್ಡಾಡುವಾಗ ಯಾಕೆ ನಿಲ್ಲಿಸಿದೆ ಎಂದು ಕೇಳಿದೆ.

"ಮೂರನೇ ಸಲ ಬಾಯಿ ತೆಗಿಯೂ ಹೊತ್ತಿಗೆ ತಿಳೀತು ಮಾಮಾ. ನಾ ಕೇಳಾಕತ್ತಿದ್ದು ದೀಕ್ಷಾ ಅಲ್ಲ, ರಜಾ."

"ಯಾವುದರಿಂದ ರಜಾ?"

"ಎಲ್ಲಾದರಿಂದ. ಅವ್ವನ ಗದ್ದಲದಿಂದ. ಕಾಲೇಜಿನವರ ಮುಂದ ಮತ್ತ ಹೋಗಿ ನಿಂದ್ರೂದರಿಂದ. ವಕೀಲರ ಅಂಗಡಿ ಪ್ರಶ್ನಿಯಿಂದ." ದಾರಿಗೆ ಬಿದ್ದ ತೆಂಗಿನ ಗರಿಯೊಂದನ್ನು ಪಕ್ಕಕ್ಕೆ ಸರಿಸಿದ. "ನೀಲಾನ ಮುಖಾ ನೋಡೂದರಿಂದನೂ ಅನ್ರಿ. ನೀವು, ಅವ್ವ ಕೂಡಿ ಎಲಿ ಹಿಡಿದ್ರಿ. ಆಕಿಗೆ ನಾ ಬೇಕೋ ಬ್ಯಾಡೋ ಯಾರರ ಕೇಳಿದ್ರೇನು? ನನಗೂ ಕೇಳಾಕ ಧೈರ್ಯ ಆಗ್ಲಿಲ್ಲ."

ನಾನು ಛತ್ರಿಯಿಂದ ಮರಳು ಕೆದಕುತ್ತ ನಡೆದೆ.

ಮತ್ತೆ ಮನ್ನಾರು

ಅವನನ್ನು ಪಾಠಕ್ಕೆ ಬಿಟ್ಟು ನಾನೊಬ್ಬನೇ ತಿರುಗಿ ಬಂದೆ. ಹೊರಡುವಾಗ ಗುರುಗಳಿಗೆ ಶರಣು ಎಂದೆ. ಆಗಲೂ ಕೈ ಮುಗಿಯಲಿಲ್ಲ. ಆದರೆ ತಲೆಯ ಮೇಲೆ ಹಣೆಯಿಂದ ಹಿಂದಲೆಯವರೆಗೆ ಒಮ್ಮೆ ಕೈ ಸವರಿಕೊಂಡು ನಕ್ಕರು. ಅವರ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಬೆಳಗಿನ ಬೆಳಕಿನಲ್ಲಿ ಆ ದೊಡ್ಡ ಮರ ಮತ್ತೆ ಕಂಡಿತು. ಬುಟ್ಟಿ ಖಾಲಿಯಾಗಿತ್ತು, ಚಿಮುಕಿಸುವ ಕೆಲಸವೂ ಇರಲಿಲ್ಲ, ಯೋಚನೆಗೆ ಬೇಕಾದಷ್ಟು ಹೊತ್ತಿತ್ತು. ಲಂಕೆಯಲ್ಲಿ ನಾನು ಎಲೆ ಕೊಟ್ಟು ಹುಡುಗನನ್ನು ತೋರಿಸಿದೆ. ಹಾನಗಲ್ಲಿನಲ್ಲಿ ಎಲೆ ಕೊಟ್ಟು ಹುಡುಗಿಯನ್ನು ತೋರಿಸಿದ್ದೆ. ಲಂಕೆಯಲ್ಲಿ ಮಾಡಿದ್ದು ತಪ್ಪು ಎಂದು ಕಾಲಿಗೆ ಬಿದ್ದೆ. ಹಾನಗಲ್ಲಿನಲ್ಲಿ ಮಾಡಿದ್ದಕ್ಕೆ ಹೋಳಿಗೆ ಊಟ ಹಾಕಿಸಿದ್ದೆ.

ಸವಣೂರು

ಮನೆಗೆ ಬಂದು ನೀಲವ್ವನಿಗೆ ಎಲ್ಲ ಹೇಳಿದೆ. ನಾನು ತಲೆ ಸವರಿಕೊಂಡದ್ದಕ್ಕೆ ಬಿದ್ದು ಬಿದ್ದು ನಕ್ಕಳು, ಮೂರು ಸಲದ ಮಾತು ಬಂದಾಗ ಕೈಕೆಲಸ ಬಿಟ್ಟು ಕೇಳಿದಳು. ಆಮೇಲೆ ಕೇಳಿದೆ:

"ನೀಲವ್ವಾ, ಆ ಹುಡುಗ ನಿನಗ ಬೇಕೇನವಾ? ಬ್ಯಾಡಂದ್ರ ಬ್ಯಾಡ ಅನ್ನು. ಅಕ್ಕಗ ನಾ ಹೇಳ್ತೇನಿ."

ಅವಳು ನನ್ನ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು. "ಇಷ್ಟು ದಿನಾ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ," ಎಂದಳು. ಮತ್ತೆ ತಾನೇ ಕೇಳಿದಳು: "ಯಪ್ಪಾ, ಅಲ್ಲಿ ಎಷ್ಟು ಸಲ ಕೇಳಿದಾ ಅಂದಿ?"

"ಎರಡು."

"ಇಲ್ಲಿ ಬಂದು ಮೂರು ಸಲ ಕೇಳ್ಲಿ. ಆಮ್ಯಾಲ ಹೇಳ್ತೇನಿ."

ಈ ಮಾತು ಹಾನಗಲ್ಲಿಗೆ ಮುಟ್ಟಿತು. ಹುಡುಗಿಗೆ ಇಷ್ಟು ಸೊಕ್ಕೇ ಎಂದು ಅಕ್ಕ ಒಂದು ವಾರ ಊರು ಒಂದು ಮಾಡಿದಳು. ಮಗನ ತಲೆಯಲ್ಲಿ ಕೂದಲು ಉಳಿದದ್ದನ್ನು ನೆನೆಸಿಕೊಂಡು ಆಮೇಲೆ ತಣ್ಣಗಾದಳು.

ವರ್ಷ ತುಂಬಿ ಮಲ್ಲೇಶಿ ಬಂದ. ಧಾರವಾಡದಲ್ಲಿ ಕಾಲೇಜಿನ ಹಿರಿಯರ ಮುಂದೆ ನಿಂತು ಲಂಕೆಯ ರಾಗದಲ್ಲಿ ಪಾಲಿ ಹೇಳಿದನಂತೆ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟನಂತೆ. ಕುರ್ಚಿ ಸಿಕ್ಕಿತು. ಕ್ಷಣಕ್ಷಣಕ್ಕೂ ಸತ್ತು ಹುಟ್ಟುವ ಜಗತ್ತಿನ ಬಗ್ಗೆ ಅವನ ಗ್ರಂಥವೂ ಈಗ ಅಚ್ಚಾಗಿದೆ. ನಾನು ಓದಲು ಕೂತು ಎರಡನೆಯ ಪುಟದಲ್ಲಿ ನಿದ್ದೆ ಹೋದೆ. ಶಿಗ್ಗಾವಿಯ ವಕೀಲರು ಕೊನೆಯವರೆಗೂ ಓದಿ, ಅಂಗಡಿ ಚೆನ್ನಾಗಿದೆ, ಗಿರಾಕಿಗಳು ಕಡಿಮೆ ಎಂದರು.

ಕುರ್ಚಿ ಸಿಕ್ಕ ವಾರದಲ್ಲಿಯೇ ಅವನು ಹೊಸ ಕೋಟು ತೊಟ್ಟು ಸವಣೂರಿಗೆ ಬಂದ. ಹಿಂದೆ ಅಕ್ಕ. ನೀಲವ್ವ ಅಂಗಳದಲ್ಲಿ ಕೂತು ಎಲೆ ಆರಿಸಿ ಕಟ್ಟು ಕಟ್ಟುತ್ತಿದ್ದಳು. ಎದ್ದು ನಿಲ್ಲಲಿಲ್ಲ. ಮಲ್ಲೇಶಿ ನನ್ನ ಕಡೆ ನೋಡಿದ. ನಾನು ಮಾಡಿನ ಜಂತಿ ನೋಡಿದೆ.

"ನೀಲಾ, ನನ್ನ ಮದುವಿ ಆಗ್ತೀಯೇನು?" ಎಂದ.

ನೀಲವ್ವ ಒಂದು ಎಲೆಯ ತೊಟ್ಟು ಚಿವುಟಿ ಪಕ್ಕಕ್ಕೆ ಇಟ್ಟಳು.

ಎರಡನೆಯ ಸಲ ಕೇಳಿದ. "ಕೊಳೆತ ಎಲಿ ತುಳೀಬ್ಯಾಡ, ಆಚೆ ಸರಿ," ಎಂದಳು. ಸರಿದು ನಿಂತ. ಹಣೆಯಲ್ಲಿ ಬೆವರು ಹನಿದಿತ್ತು. ಎಲ್ಲವೂ ಕ್ಷಣಿಕವೆಂದು ಬರೆಯುವವನಿಗೆ ಆ ಕ್ಷಣ ಮಾತ್ರ ಸರಿಯಲೊಲ್ಲದು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಲಂಕೆಯ ಆ ಬೆಳಿಗ್ಗೆ, ಬರದೇ ಹೋದ ಆ ಮೂರನೆಯ ಮಾತು ನೆನಪಾಯಿತು.

ಮೂರನೆಯ ಸಲ ಕೇಳಿದ. ದನಿ ಸಣ್ಣದಾಗಲಿಲ್ಲ.

ನೀಲವ್ವ ಎದ್ದಳು. ಕೈ ಒರೆಸಿಕೊಂಡು, ಆರಿಸಿದ ಎಲೆಯಲ್ಲಿ ಮತ್ತೆ ಆರಿಸಿ ಒಂದು ಹಿಡಿ ಎತ್ತಿಕೊಂಡು, ಎರಡೂ ಕೈಯಿಂದ ಅವನ ಕಡೆ ಚಾಚಿದಳು. ಅಭ್ಯಾಸಬಲದಿಂದ ನನ್ನ ಕೈಯೂ ಆ ಎಲೆಯ ಕಡೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ.